ಅಳಿಸಿದ ಬೆಲೆ

ಫೆಬ್ರವರಿ ಹದಿನಾರು, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ಚಂದ್ರಮತಿ ಎಂಬ ಹೆಂಗಸು ಪುರಸೈವಾಕ್ಕಂನ ಪೊಲೀಸ್ ಠಾಣೆಗೆ ಬಂದು, ತನ್ನ ಮಗಳು ಶುಕ್ರವಾರದಿಂದ ಮನೆಗೆ ಬಂದಿಲ್ಲವೆಂದು ದೂರು ಹೇಳಿದರು. ಹೇಳಿದ್ದು ಕನ್ನಡದಲ್ಲಿ. ಅರ್ಧ ಆಯುಷ್ಯ ಚೆನ್ನೈಯಲ್ಲೇ ಕಳೆದಿದ್ದರೂ ಗಾಬರಿಯಾದಾಗ ಆಕೆಗೆ ತಮಿಳು ಬಾಯಿಗೆ ಬರುತ್ತಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮುರುಗವೇಲು ಎರಡು ಸಲ ಕೇಳಿ, ಅರ್ಥವಾಗದೆ, ಆಕೆಯನ್ನು ನೇರ ಇನ್‌ಸ್ಪೆಕ್ಟರ ಕೋಣೆಗೇ ಕರೆದೊಯ್ದ.

ಇನ್‌ಸ್ಪೆಕ್ಟರ್ ಜಯಪ್ರಕಾಶ್ ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ತಂದೆ ಕೋಲಾರದ ಕಡೆಯಿಂದ ಬಂದು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ತಾಯಿ ತೀರಿಕೊಂಡ ಮೇಲೆ ಅವರ ಜೊತೆ ಕನ್ನಡ ಮಾತಾಡುವವರೇ ಕಡಿಮೆಯಾಗಿದ್ದರು.

"ಕೂತ್ಕೊಳ್ಳಿ ಅಮ್ಮ. ಮಗಳ ಹೆಸರು?"

"ಜಲಜಾಕ್ಷಿ. ಮೂವತ್ತಾರು. ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸ. ಅವಳ ಅಪ್ಪ ಅಲ್ಲೇ ಅಡುಗೆಯವರಾಗಿದ್ರು, ಈಗಿಲ್ಲ. ನಾವು ಕುಂದಾಪುರದವರು ಸಾರ್."

"ಮದುವೆ?"

"ಆಗಿತ್ತು. ಅವನು ಬಿಟ್ಟು ಹೋದ. ನನ್ನ ಜೊತೆಗೇ ಇರ್ತಾಳೆ."

"ಶುಕ್ರವಾರ ಎಲ್ಲಿಗೆ ಹೋದ್ಲು?"

"ಈ ತಿಂಗಳು ಮಧ್ಯಾಹ್ನದ ಮೇಲೆ ಎಂಥದೋ ಪ್ಯಾಕಿಂಗ್ ಕೆಲಸ ಅಂತ ಹೋಗ್ತಿದ್ಳು. ಎಲ್ಲಿ ಅಂತ ಹೇಳಿಲ್ಲ. ಬಸ್ಸಲ್ಲಿ ದೂರ ಅಂತಿದ್ಳು. ಆವತ್ತು ಹೋದವಳು ಬರ್ಲಿಲ್ಲ. ಫೋನೂ ಇಲ್ಲ."

"ಮೂರು ದಿನ ಯಾಕೆ ಸುಮ್ನಿದ್ರಿ?"

ಚಂದ್ರಮತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಮಗ ಬೇಡ ಅಂದ. ಅಕ್ಕ ಯಾರ ಜೊತೆಗಾದ್ರೂ ಹೋಗಿರ್ಬಹುದು, ಪೊಲೀಸಿಗೆ ಹೇಳಿದ್ರೆ ಮರ್ಯಾದೆ ಹೋಗ್ತದೆ, ನಾನೇ ಹುಡುಕ್ತೇನೆ ಅಂದ. ಪಾಪ, ಅವನೂ ಹಗಲು ರಾತ್ರಿ ಮನೆಯಲ್ಲಿಲ್ಲ, ಹುಡುಕ್ತಾ ಇದ್ದಾನೆ. ನಾನು ಇಲ್ಲಿಗೆ ಬಂದದ್ದು ಅವನಿಗೆ ಗೊತ್ತಿಲ್ಲ. ನನಗೆ ತಡೀಲಿಕ್ಕೆ ಆಗ್ಲಿಲ್ಲ ಸಾರ್."

ಮಗನ ಹೆಸರು ಸಂದೇಶ್, ಅಕ್ಕನಿಗಿಂತ ಏಳು ವರ್ಷ ಚಿಕ್ಕವನು. ಅಂಗಡಿಗಳಿಗೆ ಸಾಮಾನು ಹಾಕುವ ಕೆಲಸ ಎಂದಷ್ಟೇ ತಾಯಿಗೆ ಗೊತ್ತಿತ್ತು. ಜಯಪ್ರಕಾಶ್ ಅವನಿಗೆ ಫೋನ್ ಮಾಡಿಸಿದರು. ರಿಂಗಾಯಿತು, ತೆಗೆಯಲಿಲ್ಲ.

ಹೆಂಗಸು ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಗಂಡ ಬಿಟ್ಟ ಹೆಂಗಸು, ಹೊಸ ಕೆಲಸ, ಹೇಳದ ವಿಳಾಸ. ಇಂಥ ಹತ್ತರಲ್ಲಿ ಎಂಟು ಪ್ರಕರಣ ಒಂದು ವಾರದಲ್ಲಿ ತಾವಾಗಿಯೇ ಮುಗಿಯುತ್ತವೆ ಎಂಬುದು ಜಯಪ್ರಕಾಶ್ ಅವರ ಅನುಭವ. ಆದರೂ ಮುದುಕಿ ಅತ್ತಿರಲಿಲ್ಲ. ಅಳದೆ ಕೂತ ತಾಯಂದಿರನ್ನು ಕಂಡರೆ ಅವರಿಗೆ ಒಳಗೊಳಗೇ ಅಳುಕು. ಮಹಿಳಾ ಕಾನ್‌ಸ್ಟೇಬಲ್ ಹರ್ಷಿಣಿಯನ್ನು ಕರೆದುಕೊಂಡು ಮನೆ ನೋಡಲು ಹೊರಟರು.

ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ ಒಂದೇ ಕೋಣೆ, ಒಂದು ಅಡುಗೆಮನೆ. ಹರ್ಷಿಣಿ ಹಗ್ಗದ ಮೇಲಿದ್ದ ಜಲಜಾಕ್ಷಿಯ ರವಿಕೆ ತೆಗೆದು ಮೂಸಿ ನೋಡಿದಳು. ಒಗೆದ ಬಟ್ಟೆ. ಆದರೂ ವಾಸನೆ ಹೋಗಿರಲಿಲ್ಲ.

"ಥಿನ್ನರ್, ಸಾರ್. ಪೇಂಟ್‌ಗೆ ಬೆರೆಸ್ತಾರಲ್ಲ, ಅದು."

"ಹೌದು," ಎಂದರು ಚಂದ್ರಮತಿ. "ಕೈಯೆಲ್ಲಾ ಅದೇ ವಾಸನೆ. ಬೆರಳ ತುದಿ ಕಪ್ಪು. ಅನ್ನ ಕಲಸಿದ್ರೆ ಉರೀತದೆ ಅಂತ ಚಮಚದಲ್ಲಿ ತಿಂತಿದ್ಳು."

ಹನ್ನೊಂದು ಗಂಟೆಗೆ ಫೋನ್ ಕಂಪನಿಯಿಂದ ಉತ್ತರ ಬಂತು. ಜಲಜಾಕ್ಷಿಯ ಫೋನು ಕೊನೆಗೆ ಸಿಕ್ಕಿದ್ದು ಶುಕ್ರವಾರ ಮಧ್ಯಾಹ್ನ, ಮಣಲಿಯ ಟವರಿನಲ್ಲಿ.

ಮಣಲಿ ಎಂದರೆ ಎಣ್ಣೆ ಶುದ್ಧೀಕರಣ ಘಟಕ, ರಾಸಾಯನಿಕ ಕಾರ್ಖಾನೆಗಳು, ಅವುಗಳ ನಡುವೆ ಲೆಕ್ಕವಿಲ್ಲದಷ್ಟು ಶೆಡ್ಡುಗಳು. ಎಲ್ಲಿ ಅಂತ ಹುಡುಕುವುದು? ಜಯಪ್ರಕಾಶ್ ಮೊದಲು ಹೋಟೆಲಿಗೇ ಹೋದರು. ಅಡುಗೆಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಹೋಟೆಲಿನ ಮುಂಭಾಗದಲ್ಲಿ ಒಂದು ಬೀಡಾ ಅಂಗಡಿ. ನಡೆಸುವವರು ಕಿಟ್ಟಣ್ಣ ಎಂಬ ಹಿರಿಯರು, ಚಂದ್ರಮತಿಯ ಗಂಡನ ಕಾಲದಿಂದ ಅಲ್ಲೇ ಇದ್ದವರು.

"ಜಲಜನ್ನ ಕೊನೆಗೆ ಯಾವಾಗ ನೋಡಿದ್ರಿ?"

"ಶುಕ್ರವಾರ. ಒಂದು ಗಂಟೆ ಇರ್ಬಹುದು. ಬಸ್ಸಿಗೆ ಹೊರಟಿದ್ಳು. ಕಣ್ಣು ಕೆಂಪಾಗಿತ್ತು. ಎಂತ ಮಾರಾಯ್ತಿ ಅಂತ ಕೇಳಿದೆ. ಉಜ್ಜಿ ಉಜ್ಜಿ ಸಾಕಾಯ್ತು ಕಿಟ್ಟಣ್ಣ ಅಂದ್ಳು."

"ಏನನ್ನ ಉಜ್ಜೋದು?"

ಕಿಟ್ಟಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ. ಜಯಪ್ರಕಾಶ್ ಕಾದರು. ಬಂದ ಗಿರಾಕಿ ಒಂದು ಪ್ಯಾಕ್ ಸಿಗರೇಟು ಕೇಳಿ ತೆಗೆದುಕೊಂಡು ಹೋದ. ಅದೇ ಸಾಲಿನಿಂದ ಜಯಪ್ರಕಾಶ್ ಇನ್ನೊಂದು ಪ್ಯಾಕ್ ಎತ್ತಿಕೊಂಡು ಬಿಸಿಲಿಗೆ ಹಿಡಿದರು. ಎಚ್ಚರಿಕೆಯ ಚಿತ್ರ ಸರಿಯಾಗಿತ್ತು. ಪಕ್ಕದಲ್ಲಿ ಬೆಲೆ ಅಚ್ಚಾದ ಜಾಗ ಮಾತ್ರ ಮಾಸಲಾಗಿತ್ತು, ಅಂಕಿಗಳು ಬೇರೆ ಅಕ್ಷರಗಳಿಗಿಂತ ಒಂದಿಷ್ಟು ದಪ್ಪ. ಮೇಲಿನ ಪ್ಲಾಸ್ಟಿಕ್ ಹಾಳೆಯ ಮಡಿಕೆ ಒಂದು ಮೂಲೆಯಲ್ಲಿ ಸುಕ್ಕಾಗಿತ್ತು.

ಫೆಬ್ರವರಿ ಒಂದರಿಂದ ಸಿಗರೇಟಿನ ಮೇಲಿನ ತೆರಿಗೆ ಏರಿದ್ದು ಊರಿಗೆಲ್ಲ ಗೊತ್ತಿತ್ತು. ಹೊಸ ತೆರಿಗೆ ಕಟ್ಟಿ ಬಂದ ಸರಕಿಗೆ ಹೊಸ ಬೆಲೆ. ಆದರೆ ಹಳೆಯ ತೆರಿಗೆ ಕಟ್ಟಿ ಮೊದಲೇ ಕಾರ್ಖಾನೆಯಿಂದ ಹೊರಬಿದ್ದ ಪ್ಯಾಕನ್ನು ಅದರ ಮೇಲೆ ಅಚ್ಚಾದ ಹಳೆಯ ಬೆಲೆಗೇ ಮಾರಬೇಕು. ಒಂದು ಪೈಸೆ ಹೆಚ್ಚಿಗೆ ಕೇಳುವಂತಿಲ್ಲ. ಜನವರಿಯಲ್ಲೇ ಗೋದಾಮು ತುಂಬಿಸಿಕೊಂಡವರಿಗೆ ಆ ಸಣ್ಣ ಅಚ್ಚೇ ಅಡ್ಡಿ. ಅದನ್ನು ಅಳಿಸಿ ಹೊಸದು ಹಾಕಿದರೆ, ಸರ್ಕಾರಕ್ಕೆ ಸೇರದ ತೆರಿಗೆ ಅಷ್ಟೂ ಮಾರುವವನ ಜೇಬಿಗೆ.

"ಇದು ನಿಮಗೆ ಯಾರು ಹಾಕೋದು ಕಿಟ್ಟಣ್ಣ?"

"ಸಾರ್, ನಾನು ಸಣ್ಣವನು."

"ನಿಮ್ಮ ಮೇಲೆ ಕೇಸು ಹಾಕೋಕೆ ಬಂದಿಲ್ಲ. ಆ ಹುಡುಗಿ ಎಲ್ಲಿದ್ದಾಳೆ ನನಗೆ ಗೊತ್ತಾಗ್ಬೇಕು."

ಕಿಟ್ಟಣ್ಣ ಕೈ ಒರೆಸಿಕೊಂಡರು. ಒಳಗೆ ಹೋಟೆಲಿನತ್ತ ಒಮ್ಮೆ ನೋಡಿದರು.

"ನಮ್ಮ ಸಂದೇಶನೇ ಹಾಕೋದು ಸಾರ್. ಅವಳ ತಮ್ಮ. ವಿಷ್ಣುಮೂರ್ತಿಯವರ ಏಜೆನ್ಸಿ ಸರಕು."

ಜಯಪ್ರಕಾಶ್ ಆ ಪ್ಯಾಕನ್ನು ಜೇಬಿಗೆ ಹಾಕಿಕೊಂಡರು. ಹಗಲು ರಾತ್ರಿ ಅಕ್ಕನನ್ನು ಹುಡುಕುತ್ತಿರುವ ತಮ್ಮನಿಗೆ ಅಕ್ಕ ಎಲ್ಲಿ ಕೆಲಸಕ್ಕೆ ಹೋಗುತ್ತಿದ್ದಳೆಂದು ಮೊದಲಿಂದಲೂ ಗೊತ್ತಿತ್ತು. ಮಣಲಿಗೆ ಹೊರಟ ಜೀಪಿನಲ್ಲಿ ಕೂತು ಅವರು ಮುರುಗವೇಲುವಿಗೆ ಎರಡೇ ಮಾತು ಹೇಳಿದರು: ಮಣಲಿ ಠಾಣೆಯಲ್ಲೂ ಅಗ್ನಿಶಾಮಕ ದಳದಲ್ಲೂ ಶುಕ್ರವಾರ ಮಧ್ಯಾಹ್ನ ಏನಾದರೂ ನಡೆದಿದೆಯೇ ವಿಚಾರಿಸು, ವಿಷ್ಣುಮೂರ್ತಿಗೆ ಮಣಲಿಯಲ್ಲಿ ಜಾಗ ಇದೆಯೇ ಕೇಳು.

ಪೆರಂಬೂರು ದಾಟುವ ಮೊದಲೇ ಮುರುಗವೇಲು ಫೋನ್ ಇಟ್ಟ. "ಅಯ್ಯಾ, ಶುಕ್ರವಾರ ಮೂರೂ ಮುಕ್ಕಾಲಿಗೆ ಒಂದು ಶೆಡ್ಡಿಗೆ ಬೆಂಕಿ. ಶಾರ್ಟ್ ಸರ್ಕ್ಯೂಟ್ ಅಂತ ಬರೆದಿದ್ದಾರೆ. ಪ್ರಾಣಹಾನಿ ಇಲ್ಲ. ಮಾಲೀಕ ವಿಷ್ಣುಮೂರ್ತಿ."

ಪ್ರಾಣಹಾನಿ ಇಲ್ಲ. ಹಾಗಾದರೆ ಆ ಹೆಂಗಸು ಎಲ್ಲಿ? ಜಯಪ್ರಕಾಶ್‌ಗೆ ಬೇರೆ ಬೇರೆ ಉತ್ತರಗಳು ಹೊಳೆದವು, ಒಂದೂ ಒಳ್ಳೆಯದಾಗಿರಲಿಲ್ಲ. ಡ್ರೈವರಿಗೆ ಬೇಗ ಓಡಿಸು ಎಂದು ಹೇಳಬೇಕೆನಿಸಿತು. ಮಾಧವರಂ ರಸ್ತೆಯ ತುಂಬ ಟ್ಯಾಂಕರ್ ಲಾರಿಗಳು ನಿಂತಿದ್ದವು.

ಶೆಡ್ಡಿನ ಸುತ್ತ ಇನ್ನೂ ಸುಟ್ಟ ಪ್ಲಾಸ್ಟಿಕ್ಕಿನ ನಾತ. ಮಣಲಿ ಠಾಣೆಯವರ ಸಮ್ಮುಖದಲ್ಲಿ, ಪಕ್ಕದ ವೆಲ್ಡಿಂಗ್ ಶಾಪಿನ ಇಬ್ಬರನ್ನು ಪಂಚರನ್ನಾಗಿ ಕರೆದು, ಪಂಚನಾಮೆ ಶುರುವಾಯಿತು. ಅರೆಬೆಂದ ಸಿಗರೇಟು ಪೆಟ್ಟಿಗೆಗಳು. ಕರಗಿ ಗಂಟಾದ ಪ್ಲಾಸ್ಟಿಕ್ ಸುರುಳಿ. ಥಿನ್ನರ್ ಡಬ್ಬಗಳು. ಪ್ಯಾಕಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಯಲ್ಲಿ ಅಂಟಿಸುವ ಸೀಲಿಂಗ್ ಮೆಷಿನ್ ಒಂದು, ಡಬ್ಬಗಳಿಂದ ಒಂದು ಮಾರು ದೂರದಲ್ಲಿ. ಕಿಟಕಿ ಇಲ್ಲದ ಕೋಣೆ. ಗಾಳಿಯಲ್ಲೇ ಥಿನ್ನರ್ ತುಂಬಿಕೊಂಡಿದ್ದಲ್ಲಿ ಆ ಮೆಷಿನ್ ಬಿಸಿಯಾದರೆ ಏನಾಗಬೇಕೋ ಅದು ಆಗಿತ್ತು.

ಹರ್ಷಿಣಿ ಮೂಲೆಯಲ್ಲಿ ಬೂದಿ ಕೆದಕಿ ಗಾಜಿನ ಬಳೆಯ ಚೂರುಗಳನ್ನು ಕಾಗದದ ಮೇಲೆ ಇಟ್ಟಳು. ಆಮೇಲೆ ಒಂದು ಹೆಂಗಸಿನ ಚಪ್ಪಲಿ. ಮುರುಗವೇಲು ಬಾಗಿಲ ಹತ್ತಿರದಿಂದ ಕೂಗಿದ.

"ಅಯ್ಯಾ, ಇಲ್ಲಿ ನೋಡಿ."

ರೋಲಿಂಗ್ ಶಟರಿನ ಹೊರಬದಿಯ ಬೀಗದ ಕೊಂಡಿ ಒಳಗಿನಿಂದ ತಳ್ಳಿದಂತೆ ಹೊರಕ್ಕೆ ಬಗ್ಗಿತ್ತು. ಒಳಗಡೆ, ಮಸಿ ಹಿಡಿದ ತಗಡಿನ ಮೇಲೆ, ಮೊಣಕಾಲೆತ್ತರದಿಂದ ಎದೆಯೆತ್ತರದವರೆಗೆ ಕೈ ಬಡಿದ ಗುರುತುಗಳು.

ಪಂಚನಾಮೆ ಬರೆಯುತ್ತಿದ್ದ ಮಣಲಿ ಠಾಣೆಯ ರೈಟರ್ ಪೆನ್ನು ನಿಲ್ಲಿಸಿ ಕೇಳಿದ, "ಇದನ್ನ ಹೇಗೆ ಬರೀಲಿ ಸಾರ್?"

"ಇರೋ ಹಾಗೇ ಬರಿ," ಎಂದರು ಜಯಪ್ರಕಾಶ್.

ಒಂದು ಗಂಟೆಯ ಹೊತ್ತಿಗೆ ವಿಷ್ಣುಮೂರ್ತಿ ಕಾರಿನಲ್ಲಿ ಬಂದಿಳಿದರು. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ, ಅರವತ್ತು ದಾಟಿದ ಸಭ್ಯ ಮುಖ. ಜಯಪ್ರಕಾಶ್ ಕೂಡ ಕನ್ನಡದವರೆಂದು ತಿಳಿದ ಕೂಡಲೇ ಕನ್ನಡಕ್ಕೆ ಹೊರಳಿದರು.

"ವಯರಿಂಗ್ ಹಳೇದು ಸಾರ್. ದೇವರ ದಯೆ, ಒಳಗೆ ಯಾರೂ ಇರಲಿಲ್ಲ."

"ಸೀಲಿಂಗ್ ಮೆಷಿನ್ ಯಾಕಿತ್ತು?"

"ಹಳೇದು. ಸುಮ್ಮನೆ ಬಿದ್ದಿತ್ತು."

"ಥಿನ್ನರ್?"

"ಪೇಂಟ್ ಮಾಡಿಸಬೇಕು ಅಂತ."

ಜಯಪ್ರಕಾಶ್ ಕಾಗದ ಬಿಚ್ಚಿ ಬಳೆಚೂರು ತೋರಿಸಿದರು. "ಇದು?"

ವಿಷ್ಣುಮೂರ್ತಿ ಅದನ್ನು ನೋಡಿದರು. ಆಮೇಲೆ ಶಟರಿನತ್ತ ನೋಡಿದರು. "ಯಾರೂ ಸತ್ತಿಲ್ಲ ಸಾರ್."

"ಸತ್ತಿದ್ದಾರೆ ಅಂತ ನಾನು ಹೇಳಲೇ ಇಲ್ಲವಲ್ಲ."

ಬಿಸಿಲಲ್ಲಿ ನಿಂತಿದ್ದ ಅವರ ಹಣೆಯಿಂದ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ. "ಮೂವರು ಹೆಂಗಸರಿದ್ದರು. ಇಬ್ಬರಿಗೆ ಏನೂ ಆಗಿಲ್ಲ, ಕೂದಲು ಸೀದಿತ್ತು ಅಷ್ಟೆ. ಮೂರನೆಯವಳು... ಸಂದೇಶನ ಅಕ್ಕ. ಅವನೇ ಹೊತ್ತುಕೊಂಡು ಹೋದ."

"ಆಸ್ಪತ್ರೆಗಾ?"

"ಸುಟ್ಟಗಾಯ ಅಂದರೆ ಆಸ್ಪತ್ರೆಯವರು ಪೊಲೀಸಿಗೆ ತಿಳಿಸ್ತಾರೆ. ಸ್ವಲ್ಪ ನೋಡಿಕೊಂಡು ಮಾಡಪ್ಪ ಅಂದೆ. ಅಷ್ಟೇ ಅಂದದ್ದು ನಾನು."

"ಎಲ್ಲಿಟ್ಟಿದ್ದಾನೆ?"

"ಇಲ್ಲೇ ಮಣಲಿಯಲ್ಲೇ ಎಲ್ಲೋ. ನಾನು ಕೇಳಲಿಲ್ಲ."

"ಕೇಳಲಿಲ್ಲ," ಎಂದರು ಜಯಪ್ರಕಾಶ್. ವಿಷ್ಣುಮೂರ್ತಿಯನ್ನು ಮಣಲಿ ಠಾಣೆಯವರ ವಶಕ್ಕೆ ಕೊಟ್ಟರು. ಸಿಗರೇಟಿನ ವಿಷಯ ತೆರಿಗೆ ಇಲಾಖೆಗೂ ತೂಕ ಅಳತೆ ಇಲಾಖೆಗೂ ತಿಳಿಸಲು ಹೇಳಿ, ಹರ್ಷಿಣಿಯನ್ನು ಔಷಧದ ಅಂಗಡಿಗಳಿಗೆ ಅಟ್ಟಿದರು. ಬೆಂದ ಮನುಷ್ಯನನ್ನು ಮನೆಯಲ್ಲಿಟ್ಟುಕೊಂಡವನು ಮುಲಾಮಿಗಾದರೂ ಹೊರಗೆ ಬರಲೇಬೇಕು.

ನಾಲ್ಕನೆಯ ಅಂಗಡಿಯಲ್ಲಿ ಗೊತ್ತಾಯಿತು. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡ ಒಬ್ಬ ದಿನಾ ಬಂದು ಸುಟ್ಟಗಾಯದ ಮುಲಾಮು ಒಯ್ಯುತ್ತಾನೆ. ನಿನ್ನೆ ಜ್ವರದ ಮಾತ್ರೆಯನ್ನೂ ಕೇಳಿದ. ಡಾಕ್ಟರಿಗೆ ತೋರಿಸಪ್ಪ ಅಂದರೆ ತಲೆ ತಗ್ಗಿಸಿ ಹೋದ. ಹಿಂದಿನ ಬೀದಿ, ಅಕ್ಕಿ ಮಂಡಿಯ ಪಕ್ಕದ ಸಾಲುಮನೆ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ನೆಲದ ಮೇಲೆ ಬಾಳೆಎಲೆ ಹಾಸಿ ಜಲಜಾಕ್ಷಿಯನ್ನು ಮಲಗಿಸಿದ್ದರು. ಎಲೆಗಳು ಒಣಗಿ ಅಂಚು ಮುದುಡಿದ್ದವು. ಸೊಂಟದಿಂದ ಮೇಲೆ ತೆಳುವಾದ ಪಂಚೆ ಹೊದಿಸಿತ್ತು. ತಲೆಯ ಬಳಿ ಒಬ್ಬ ಕೂತು ಸಿಗರೇಟು ಪೆಟ್ಟಿಗೆಯ ರಟ್ಟಿನಿಂದ ಗಾಳಿ ಬೀಸುತ್ತಿದ್ದ. ಖಾಕಿ ಕಂಡರೂ ಅವನು ಬೀಸುವುದನ್ನು ನಿಲ್ಲಿಸಲಿಲ್ಲ.

"ಸಂದೇಶ್?"

"ಹೌದು ಸಾರ್."

"ಹರ್ಷಿಣಿ, ನೂರೆಂಟಕ್ಕೆ ಫೋನ್ ಮಾಡು."

ಜಲಜಾಕ್ಷಿ ಕಣ್ಣು ತೆರೆದಳು. ಮುಖದ ಒಂದು ಭಾಗ ಹಾಗೇ ಉಳಿದಿತ್ತು, ಅದರಲ್ಲಿ ತಾಯಿಯ ಹೋಲಿಕೆಯಿತ್ತು. "ಬೇಡ," ಎಂದಳು. ಸಣ್ಣ ದನಿ. "ಇವನನ್ನ ಹಿಡ್ಕೊಂಡು ಹೋಗ್ತಾರೆ."

"ಸುಮ್ಮನಿರು ಅಕ್ಕ," ಎಂದ ಸಂದೇಶ್. ಜಯಪ್ರಕಾಶ್ ಕಡೆ ತಿರುಗಿದ. "ಬೇಗ ಬರ್ತದಾ ಸಾರ್, ಆಂಬುಲೆನ್ಸು?"

ಮೂರು ದಿನ ಅದನ್ನು ಕರೆಯಲಾರದೆ ಕೂತವನು ಈಗ ಬಾಗಿಲಿಗೂ ಅಕ್ಕನ ಬಳಿಗೂ ಓಡಾಡತೊಡಗಿದ. ಸ್ಟ್ರೆಚರ್ ತಿರುಗಲು ಜಾಗವಾಗಲೆಂದು ಅಡುಗೆಯ ಪಾತ್ರೆಗಳನ್ನೆಲ್ಲ ಕಾಲಿನಿಂದಲೇ ಮೂಲೆಗೆ ತಳ್ಳಿದ. ಗಾಡಿ ಬಂದು, ಅವಳನ್ನು ಎತ್ತುವಾಗ ಅವಳು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು, ನೋವೇ ಗೊತ್ತಾಗದಿರುವುದು ಕೆಟ್ಟ ಲಕ್ಷಣ ಎಂದು ಆಮೇಲೆ ಆಂಬುಲೆನ್ಸಿನ ಸಿಬ್ಬಂದಿ ಹೇಳಿದ.

ಸಂದೇಶನನ್ನು ಅಲ್ಲೇ ದಸ್ತಗಿರಿ ಮಾಡಲಾಯಿತು. ಕೈಕೋಳ ಹಾಕುವ ಸ್ಥಿತಿಯಲ್ಲಿ ಅವನ ಕೈಗಳಿರಲಿಲ್ಲ. ಬಟ್ಟೆಯ ಕೆಳಗೆ ಎರಡೂ ಅಂಗೈಗಳ ಚರ್ಮ ಸುಲಿದಿತ್ತು. ಕಾದ ಶಟರನ್ನು ಅವನು ಬರಿಗೈಯಲ್ಲಿ ಎತ್ತಿದ್ದ.

ಕೀಳ್ಪಾಕ್ ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಡಾಕ್ಟರು ಜಯಪ್ರಕಾಶ್‌ರನ್ನು ಪಕ್ಕಕ್ಕೆ ಕರೆದರು. "ಗಾಯಕ್ಕೆ ನಂಜಾಗಿ ರಕ್ತಕ್ಕೆ ಸೇರಿದೆ. ಹೇಳಿಕೆ ತಗೊಳ್ಳೋಕೆ ಮ್ಯಾಜಿಸ್ಟ್ರೇಟರನ್ನ ಕರೆಸೋದಾದರೆ ಈಗಲೇ ಕರೆಸಿ."

"ಶುಕ್ರವಾರವೇ ತಂದಿದ್ದರೆ?"

"ಸುಟ್ಟ ಪ್ರಮಾಣ ನೋಡಿದರೆ ಬದುಕುವ ಸಾಧ್ಯತೆಯೇ ಹೆಚ್ಚಿತ್ತು," ಎಂದರು ಡಾಕ್ಟರು.

ಮ್ಯಾಜಿಸ್ಟ್ರೇಟರು ಸಂಜೆ ಐದಕ್ಕೆ ಬಂದರು. ಜಲಜಾಕ್ಷಿಗೆ ಆ ಹೊತ್ತಿಗೆ ಕನ್ನಡ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಪೊಲೀಸರು ಒಳಗಿರುವಂತಿಲ್ಲ. ಮಂಗಳೂರಿನ ಕಡೆಯ ಪ್ರೇರಣಾ ಎಂಬ ನರ್ಸು ಅವಳ ಮಾತನ್ನು ತಮಿಳಿಗೆ ಮಾಡಿ ಹೇಳಿದಳು. ಜಯಪ್ರಕಾಶ್ ಬಾಗಿಲ ಹೊರಗೆ ಚಂದ್ರಮತಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದರು.

"ಮಗ ಎಲ್ಲಿ ಸಾರ್?" ಎಂದು ಚಂದ್ರಮತಿ ಕೇಳಿದರು.

"ಠಾಣೆಯಲ್ಲಿ."

"ನಾನು ಕೊಟ್ಟ ಕಂಪ್ಲೇಂಟಿಗಾ?"

ಜಯಪ್ರಕಾಶ್ ಹೌದು ಎನ್ನಬೇಕಾಯಿತು.

"ಅದನ್ನ ವಾಪಸ್ಸು ತಕ್ಕೊಳ್ಳಿಕ್ಕೆ ಆಗ್ತದಾ?"

"ಆಗಲ್ಲ ಅಮ್ಮ."

ಚಂದ್ರಮತಿ ತಲೆಯಾಡಿಸಿದರು. ಬಸ್ಸು ಈ ದಾರಿಯಲ್ಲಿ ಹೋಗುವುದಿಲ್ಲ ಎಂದರೆ ಜನ ತಲೆಯಾಡಿಸುವ ಹಾಗೆ.

ಹೇಳಿಕೆಯಲ್ಲಿ ಜಲಜಾಕ್ಷಿ ಹೇಳಿದ್ದು ಇಷ್ಟು. ಹೊರಗಿನಿಂದ ಬೀಗ ಹಾಕು ಅಂತ ತಮ್ಮನಿಗೆ ಹೇಳಿದವಳು ತಾನೇ. ಆಸ್ಪತ್ರೆ ಬೇಡವೆಂದವಳೂ ತಾನೇ. ಅವನು ಬೆಂಕಿಯೊಳಗೆ ಬಂದು ತನ್ನನ್ನು ಎಳೆದುಕೊಂಡ. ಅವನ ಮೇಲೆ ಯಾವ ತಪ್ಪೂ ಇಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಅವಳು ತೀರಿಕೊಂಡಳು. ಎಫ್‌ಐಆರ್‌ಗೆ ಹೊಸ ಕಲಮುಗಳು ಸೇರಿದವು: ಅಕ್ರಮ ಬಂಧನ, ಕೊಲೆಯಲ್ಲದ ನರಹತ್ಯೆ. ಮೊದಲ ಆರೋಪಿ ವಿಷ್ಣುಮೂರ್ತಿ, ಎರಡನೆಯವನು ಸಂದೇಶ್. ಬದುಕಿ ಬಂದ ಇಬ್ಬರು ಹೆಂಗಸರನ್ನು ಮುರುಗವೇಲು ಹುಡುಕಿ ತಂದು ವಿಚಾರಿಸಿದ್ದ. ಬೀಗ ಬಿದ್ದದ್ದು ಯಾರಿಗೂ ಗೊತ್ತಿರಲಿಲ್ಲ ಎಂದು ಇಬ್ಬರೂ ಹೇಳಿದರು. ಹೊಗೆ ತುಂಬಿ ಶಟರಿನ ಹತ್ತಿರ ಓಡಿದಾಗಲೇ ತಿಳಿದದ್ದು. ಶಟರು ಎದ್ದಾಗ ಜಲಜಾಕ್ಷಿ ಇವರಿಬ್ಬರನ್ನು ಮುಂದೆ ನೂಕಿದ್ದಳಂತೆ.

ಕೋರ್ಟಿಗೆ ಕರೆದೊಯ್ಯುವ ಮೊದಲು ಜಯಪ್ರಕಾಶ್ ಸಂದೇಶನನ್ನು ಎದುರಿಗೆ ಕೂರಿಸಿಕೊಂಡರು. ಅಕ್ಕನ ಸಾವಿನ ಸುದ್ದಿ ಅವನಿಗಿನ್ನೂ ಹೇಳಿರಲಿಲ್ಲ.

"ಬೀಗ ಯಾಕೆ ಹಾಕಿದೆ?"

"ಹೆದರಿಕೆ ಸಾರ್. ಹೋದ ವರ್ಷ ಫಾರಿನ್ ಸಿಗರೇಟು ಸಾಗಿಸ್ತಾ ಸಿಕ್ಕಿಬಿದ್ದಿದ್ದೆ. ಇನ್ನೊಂದು ಸಲ ಸಿಕ್ಕಿದ್ರೆ ಜೈಲೇ ಅಂದಿದ್ರು ಆಫೀಸರು. ಆವತ್ತು ರಸ್ತೆಯಲ್ಲಿ ಬಿಳಿ ಜೀಪು ಎರಡು ಸಲ ಹೋಯ್ತು. ಹೊರಗೆ ಬೀಗ ಕಂಡ್ರೆ ಒಳಗೆ ಯಾರೂ ಇಲ್ಲ ಅಂದ್ಕೊಳ್ತಾರೆ ಅಂತ ಹಾಕಿ, ಚಾ ಅಂಗಡಿ ಹತ್ರ ನಿಂತೆ. ಆ ಜೀಪು ಅವರದ್ದು ಆಗಿರ್ಲೇ ಇಲ್ಲ. ನೀರಿನ ಬೋರ್ಡಿಂದು."

"ಬೀಗ ಹಾಕು ಅಂದದ್ದು ತಾನೇ ಅಂತ ನಿನ್ನಕ್ಕ ಹೇಳಿದ್ದಾಳೆ."

"ಸುಳ್ಳು. ಅವಳಿಗೆ ಗೊತ್ತೇ ಇರ್ಲಿಲ್ಲ. ಮ್ಯಾಜಿಸ್ಟ್ರೇಟರು ಕೇಳಿದ್ರೆ ನಾನೇ ಅಂತ ಹೇಳ್ತೇನೆ. ಆಸ್ಪತ್ರೆ ಬೇಡ ಅಂದದ್ದು ಮಾತ್ರ ಅವಳೇ. ಆಟೋ ಹತ್ತಿಸಿದ್ದೆ ಸಾರ್. ಕೀಳ್ಪಾಕಿಗೆ ಅಂತ ಹೇಳಿಯೂ ಆಗಿತ್ತು. ಅವಳು ನನ್ನ ಅಂಗಿ ಹಿಡ್ಕೊಂಡು ಬೇಡ ಅಂದ್ಳು. ಅಪ್ಪ ಹೋದ ಮೇಲೆ ಶಾಲೆ ಬಿಟ್ಟು ನನ್ನನ್ನ ಓದಿಸಿದವಳು. ಅವಳು ಹೇಳಿದ್ದನ್ನ ನಾನು ಮೀರಿದ್ದೇ ಇಲ್ಲ. ಆವತ್ತೊಂದು ದಿನ ಮೀರ್ಬೇಕಿತ್ತು."

ಹರ್ಷಿಣಿ ಬಾಗಿಲಲ್ಲಿ ಬಂದು ನಿಂತಳು. ಅವಳ ಹಿಂದೆ ಚಂದ್ರಮತಿ. ಶವಾಗಾರದಿಂದ ನೇರ ಬಂದಿದ್ದರು. ಕೈಯಲ್ಲಿ ಹೋಟೆಲಿನ ಪೊಟ್ಟಣ. ಆರೋಪಿಯನ್ನು ಭೇಟಿ ಮಾಡಲು ಇನ್‌ಸ್ಪೆಕ್ಟರ್ ಅನುಮತಿ ಬೇಕೆಂದು ಹರ್ಷಿಣಿ ತಮಿಳಿನಲ್ಲಿ ಕೇಳಿದಳು. ಜಯಪ್ರಕಾಶ್ ಎದ್ದು ತಮ್ಮ ಕುರ್ಚಿಯನ್ನು ಆಕೆಯ ಕಡೆಗೆ ಸರಿಸಿದರು.

ಸಂದೇಶ್ ತಾಯಿಯ ಮುಖ ನೋಡಿದ.

"ಹೋದಳು," ಎಂದರು ಚಂದ್ರಮತಿ. "ಬೆಳಿಗ್ಗೆ."

ಅವನ ಬಟ್ಟೆ ಸುತ್ತಿದ ಎರಡು ಕೈಗಳೂ ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಮುಖ ಮುಚ್ಚಿಕೊಳ್ಳಲೂ ಅವು ಒದಗಲಿಲ್ಲ.

ಚಂದ್ರಮತಿ ಪೊಟ್ಟಣ ಬಿಚ್ಚಿದರು. ಮೊಸರನ್ನ. ಒಂದು ತುತ್ತು ಕಲಸಿ ಅವನ ಬಾಯಿಯ ಹತ್ತಿರ ಹಿಡಿದರು. ಅವನು ಬಾಯಿ ತೆರೆಯಲಿಲ್ಲ. ಆಕೆ ಕೈ ಇಳಿಸಲಿಲ್ಲ. ಗೋಡೆಯ ಗಡಿಯಾರದ ಕೆಳಗೆ ಮುರುಗವೇಲು ಕೋರ್ಟಿಗೆ ಹೊರಡುವ ಕಾಗದಗಳನ್ನು ಹಿಡಿದು ನಿಂತಿದ್ದ. ಇನ್‌ಸ್ಪೆಕ್ಟರ್ ಅವನಿಗೆ ಸ್ವಲ್ಪ ತಡಿ ಎಂದು ಸನ್ನೆ ಮಾಡಿದರು.

"ತಿನ್ನು ಮಗಾ," ಎಂದರು ಚಂದ್ರಮತಿ. "ನಂಗೆ ಇನ್ನು ಬೇರೆ ಯಾರಿದ್ದಾರೆ?"

ಅವನು ಬಾಯಿ ತೆರೆದ.